ಹಿಟ್ಟಿನ ಕೋಳಿ

ಕೋಳಿ ಸಾಕುವುದರಲ್ಲಿ ಧರ್ಮಸೂಕ್ಷ್ಮವೇನು ಬಂತು ಎಂದು ಓದುಗರು ಕೇಳಬಹುದು. ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆ. ಪಟ್ಟಣದ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿ, ನಿವೃತ್ತನಾಗಿ, ಹೆಂಡತಿಯ ತವರೂರಾದ ಬಾಗೂರಿಗೆ ಬಂದು ನೆಲಸಿದ ಮೇಲೆಯೇ ನನಗೆ ಈ ವಿಷಯದಲ್ಲಿ ಎರಡನೆಯ ವಿದ್ಯಾಭ್ಯಾಸ ಆರಂಭವಾದದ್ದು. ಬಾಗೂರೆಂದರೆ ಚನ್ನರಾಯಪಟ್ಟಣದ ಕಡೆಯ ಬಾಗೂರಲ್ಲ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನದು, ಚೆನ್ನಕೇಶವನ ಗುಡಿಯ ಊರು. ಮಳೆ ಕಡಿಮೆ, ತೆಂಗು, ರಾಗಿಗಳ ಸೀಮೆ. ಹಿತ್ತಲಿದ್ದಮೇಲೆ ನಾಲ್ಕು ಕೋಳಿ ಇರಬೇಕೆಂದು ನನ್ನ ಹೆಂಡತಿ ತೀರ್ಮಾನಿಸಿದಳು. ಪಟ್ಟಣದಲ್ಲಿದ್ದಷ್ಟು ಕಾಲ ಮೊಟ್ಟೆಯನ್ನು ಡಜನ್ನಿನ ಲೆಕ್ಕದಲ್ಲಿ ಮಾತ್ರ ಬಲ್ಲ ನಾನು ತಲೆಯಾಡಿಸಿದೆ.

ಮೊದಲ ವರ್ಷ ಕೇವಲ ಸುಖ. ಬೆಳಗ್ಗೆ ಗೂಡಿಗೆ ಕೈಹಾಕಿ, ಆಗತಾನೇ ಇಟ್ಟ ಬೆಚ್ಚನೆಯ ಮೊಟ್ಟೆಯೊಂದನ್ನು ಅಂಗೈಯಲ್ಲಿ ಹಿಡಿದಾಗ, ಸಂಬಳದ ದಿನವೂ ನಾನು ಕಾಣದ ಒಂದು ತೃಪ್ತಿ ಆಗುತ್ತಿತ್ತು. ಹೇಟೆಯೊಂದು ಕಾವಿಗೆ ಬಂತು. ಪಕ್ಕದ ಮನೆಯ ಅಜ್ಜಿ ಮಂಕರಿಗೆ ಹುಲ್ಲು ಹಾಸಿ, ಹೇನು ಬಾರದಿರಲೆಂದು ಲಕ್ಕಿ ಸೊಪ್ಪನ್ನು ಇಟ್ಟು, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಕಬ್ಬಿಣದ ಚೂರನ್ನೂ ಸೇರಿಸಿ, ಹನ್ನೊಂದು ಮೊಟ್ಟೆ ಇಟ್ಟು ಕೂರಿಸಿದಳು. ಕಬ್ಬಿಣದ ವಿಷಯದಲ್ಲಿ ನನಗೆ ನಂಬಿಕೆ ಇರಲಿಲ್ಲ; ಆದರೆ ತೆಗೆದು ಎಸೆಯುವಷ್ಟು ಅಪನಂಬಿಕೆಯೂ ಇರಲಿಲ್ಲ.

ಇಪ್ಪತ್ತೊಂದು ದಿನ ಆ ಕೋಳಿ ಮಾಡಿದ ತಪಸ್ಸನ್ನು ಕಣ್ಣಾರೆ ಕಂಡೆ. ದಿನಕ್ಕೊಮ್ಮೆ ಎದ್ದು, ಅವಸರದಲ್ಲಿ ನಾಲ್ಕು ಕಾಳು ಕುಕ್ಕಿ, ನೀರು ಕುಡಿದು ಮತ್ತೆ ಹೋಗಿ ಕೂರುವುದು. ಕೊಕ್ಕಿನಿಂದ ಮೊಟ್ಟೆಗಳನ್ನು ಆಗಾಗ ಹೊರಳಿಸುವುದು. ಹೊರಳಿಸದಿದ್ದರೆ ಒಳಗಿನ ಪಿಂಡ ಚಿಪ್ಪಿನ ಒಂದು ಮಗ್ಗುಲಿಗೆ ಅಂಟಿ ಸಾಯುತ್ತದೆಯಂತೆ. ಕೊನೆಯಲ್ಲಿ, ಚಿಪ್ಪು ಒಡೆಯುವ ಮೊದಲೇ ಮರಿ ಒಳಗಿನಿಂದ ಕೂಗುತ್ತದೆ. ತಾಯಿ ಹೊರಗಿನಿಂದ ಓಗೊಡುತ್ತದೆ. ಮಂಕರಿಗೆ ಕಿವಿಗೊಟ್ಟು ಈ ಸಂಭಾಷಣೆಯನ್ನು ಕೇಳುತ್ತ ನಾನು ಕುಳಿತಿದ್ದುದನ್ನು ಕಂಡು ನನ್ನ ಹೆಂಡತಿ, "ಮಕ್ಕಳು ಹುಟ್ಟಿದಾಗ ಇಷ್ಟು ಹೊತ್ತು ಕೂತಿರಲಿಲ್ಲ ನೀವು" ಎಂದಳು. ಮೈಮೇಲೆ ಬಿಳಿಯ ಚುಕ್ಕೆಗಳಿದ್ದ ಆ ಕೋಳಿಗೆ ಚುಕ್ಕಿ ಎಂದು ಹೆಸರಿಟ್ಟೆವು. ಹೆಸರಿಟ್ಟದ್ದೇ ಮೊದಲ ತಪ್ಪೋ, ಮೊದಲ ಸರಿಯೋ, ಇಂದಿಗೂ ತಿಳಿಯದು.

ಸುಖದ ಹಿಂದೆಯೇ ಕಷ್ಟಗಳು ಬಂದವು. ಹದ್ದು ಮೂರು ಮರಿಗಳನ್ನು ಒಯ್ದಿತು, ಮುಂಗುಸಿ ಎರಡನ್ನು. ಉಳಿದವು ಬೇಲಿ ದಾಟಿ ನೆರೆಯವರ ಕೊತ್ತಂಬರಿ ಮಡಿಯನ್ನು ಕೆದಕಿ, ನಮಗೆ ಊರಿನಲ್ಲಿದ್ದ ಅಷ್ಟಿಷ್ಟು ಮರ್ಯಾದೆಯನ್ನೂ ಕೆದಕಿದವು. ಒಂದು ಬೇಸಗೆಯಲ್ಲಿ ಕೊಕ್ಕರೆ ರೋಗ ಬಂತು. 1920ರ ದಶಕದ ಕೊನೆಯಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ ಕಾಣಿಸಿಕೊಂಡದ್ದರಿಂದ ಪಶುವೈದ್ಯರು ಇದಕ್ಕೆ ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಹಸುರು ಭೇದಿ, ಬಾಯಿ ತೆರೆದು ಎಳೆಯುವ ಉಸಿರು, ತಿರುಚಿದ ಕತ್ತು. ಲಸಿಕೆ ಹಾಕಿಸಿದ್ದರೆ ಉಳಿಯುತ್ತಿದ್ದವು. ಇಂದು, ನಾಳೆ ಎಂದು ನಾನೇ ಮುಂದೂಡಿದ್ದೆ. ಹದಿನೇಳರಲ್ಲಿ ಹದಿನಾಲ್ಕು ಒಂದೇ ವಾರದಲ್ಲಿ ಹೋದವು. ಅಜ್ಜಿಯ ಮನೆಯಲ್ಲಿಯೂ ಅಷ್ಟೇ. ಆಕೆ ಕೋಳಿಗಳಿಗೆ ಹೆಸರಿಟ್ಟವಳಲ್ಲ. ಆದರೂ ಸತ್ತವುಗಳನ್ನು ತೆಂಗಿನ ಬುಡದಲ್ಲಿ ಹೂಳುವಾಗ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ನಮ್ಮಲ್ಲಿ ಉಳಿದ ಮೂರರಲ್ಲಿ ಚುಕ್ಕಿ ಒಂದು. ಮತ್ತೆ ಹಿಂಡು ಕಟ್ಟಿದ್ದು ಅದೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 1989ರಲ್ಲಿ ಹೊರತಂದ ಗಿರಿರಾಜ ತಳಿಯ ಮೊಟ್ಟೆಗಳನ್ನು ಯಾರೋ ಕೊಟ್ಟರು. ಗಿರಿರಾಜ ಬೇಗ ಬೆಳೆಯುತ್ತದೆ, ನಾಟಿ ಕೋಳಿಗಿಂತ ಹೆಚ್ಚು ಮೊಟ್ಟೆ ಇಡುತ್ತದೆ. ಆದರೆ ಕಾವಿಗೆ ಕೂರುವುದಿಲ್ಲ. ಕಾವಿಗೆ ಕೂತು ಮರಿ ಸಾಕುವ ಕೋಳಿ ಆ ತಿಂಗಳುಗಳಲ್ಲಿ ಮೊಟ್ಟೆ ಇಡದಷ್ಟೆ. ಅದಕ್ಕಾಗಿ ಹೆಚ್ಚು ಮೊಟ್ಟೆ ಬೇಕೆಂದವರು ಆ ಬಯಕೆಯಿಲ್ಲದವನ್ನೇ ಆರಿಸಿ ಆರಿಸಿ ತಳಿ ಬೆಳೆಸಿದರು. ಹೀಗೆ ನಾವು ತಾಯ್ತನವನ್ನು ತೆಗೆದುಹಾಕಿದ ತಳಿಯ ಮರಿಗಳನ್ನು, ತಾಯ್ತನ ಉಳಿದಿದ್ದ ಚುಕ್ಕಿ ತನ್ನವೆಂದೇ ತಿಳಿದು ಹೊರಡಿಸಿತು. ನಾಲ್ಕು ವರ್ಷ ಹೀಗೆ ನಡೆಯಿತು. ಆಮೇಲೆ ಅದರ ಮೊಟ್ಟೆ ತಿಂಗಳಿಗೆ ಎರಡು, ಒಂದು ಎಂದಾಗಿ ನಿಂತುಹೋಯಿತು.

ಈಗ ನನ್ನ ತಪ್ಪೊಪ್ಪಿಗೆ. ಹಳ್ಳಿಯಲ್ಲಿ ಮೊಟ್ಟೆ ಬಿಟ್ಟ ಕೋಳಿಯನ್ನು ಏನು ಮಾಡುತ್ತಾರೆಂಬುದು ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಮಾಂಸ ನಿಷಿದ್ಧವಲ್ಲ. ಆದರೆ ಹೆಸರು ಹಿಡಿದು ಕರೆದರೆ ಓಡಿಬರುವ ಪ್ರಾಣಿಯ ಕುತ್ತಿಗೆಗೆ ಕತ್ತಿ ಹಿಡಿಯುವುದು ಹೇಗೆ? ಹಾಗೆಂದು ಸಾಯುವತನಕ ಕಾಳು ಹಾಕುವ ಯೋಚನೆಯೂ ನನಗೆ ಬರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಸೈಕಲ್ಲಿನ ಕೋಳಿ ವ್ಯಾಪಾರಿ ಬಂದ. ಬೆಲೆ ಹೇಳಿದ; ನಾನು ಚೌಕಾಸಿಯನ್ನೂ ಮಾಡಲಿಲ್ಲ. ಅವನು ಚುಕ್ಕಿಯ ಕಾಲುಗಳನ್ನು ಸೇರಿಸಿ ಕಟ್ಟಿ, ಹಿಡಿಯ ಎರಡೂ ಪಕ್ಕಕ್ಕೆ ತೂಗುತ್ತಿದ್ದ ಇತರ ಕೋಳಿಗಳ ಜೊತೆಗೆ ತಲೆಕೆಳಗಾಗಿ ತೂಗುಹಾಕಿಕೊಂಡು ಹೊಸದುರ್ಗದ ಕಡೆಗೆ ಹೊರಟ. ನಾನು ಒಳಗೆ ಬಂದು ಕೈ ತೊಳೆದುಕೊಂಡೆ. ಬೇಕೆಂದೇ ತೊಳೆದದ್ದಲ್ಲ, ಕೋಳಿ ಮುಟ್ಟಿದ ಕೈ ಎಂದು ತೊಳೆದೆ.

ಅಜ್ಜಿ ಜಗಲಿಯ ಮೇಲೆ ಕೂತು ನೋಡುತ್ತಿದ್ದಳು.

"ಮೇಷ್ಟ್ರೇ, ಚುಕ್ಕಿನ ಕೊಟ್‌ಬಿಟ್ರಾ?"

"ಹೂಂ ಅಜ್ಜಿ. ಮುದಿಯಾಯ್ತಲ್ಲ. ಮನೇಲಿ ಕುಯ್ಯೋಕೆ ಮನಸ್ಸು ಬರಲಿಲ್ಲ."

ಆಕೆ ಸ್ವಲ್ಪ ಹೊತ್ತು ಎಲೆಯಡಿಕೆ ಅಗಿದಳು. ಆಮೇಲೆ ಕೇಳಿದಳು: "ಅವನೇನು ಸಾಕಾಕೆ ಒಯ್ದ್ನಾ?"

ಮಾತಿನಲ್ಲಿ ಕೊಂಕಿರಲಿಲ್ಲ, ತಿಳಿಯದೆ ಕೇಳಿದಂತೆಯೇ ಕೇಳಿದಳು. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಆಕೆಯ ರೀತಿಯನ್ನು ನಾನು ಬಲ್ಲೆ. ನೆಂಟರು ಬರುವ ಹಿಂದಿನ ಸಂಜೆಯೇ ಕೋಳಿಯನ್ನು ಆರಿಸಿ, ಬುಟ್ಟಿಯ ಕೆಳಗೆ ಕವುಚಿಟ್ಟು, ನೀರು ಇಟ್ಟು, ಬೆಳಗ್ಗೆ ಇತರ ಕೋಳಿಗಳನ್ನು ಆಚೆ ಅಟ್ಟಿ, ಹಿತ್ತಲ ಮೂಲೆಯಲ್ಲಿ ಮಗನ ಕೈಯಲ್ಲಿ ಕೆಲಸ ಮುಗಿಸುತ್ತಾಳೆ. ಮುಗಿಯುವವರೆಗೆ ತಾನೂ ಅಲ್ಲೇ ನಿಂತಿರುತ್ತಾಳೆ. ಇದನ್ನು ಮೊದಲ ಸಲ ಕಂಡಾಗ ಎಷ್ಟು ಗಟ್ಟಿ ಎದೆಯ ಹೆಂಗಸು ಎಂದುಕೊಂಡಿದ್ದೆ. ಅಂದು ರಾತ್ರಿ ನಿದ್ದೆ ಬಾರದೆ ಹೊರಳುವಾಗ, ನಮ್ಮಿಬ್ಬರಲ್ಲಿ ಗಟ್ಟಿ ಎದೆ ಯಾರದೆಂಬ ಸಂದೇಹ ಬಂತು.

ಆಗ ನೆನಪಾದದ್ದು, ನಾನೇ ಎಷ್ಟೋ ಸಲ ತರಗತಿಯಲ್ಲಿ ಹೇಳಿದ ಒಂದು ಕಥೆ. ಹೊಯ್ಸಳರ ಆಸ್ಥಾನದ ಕವಿ ಜನ್ನ 1209ರಲ್ಲಿ ಬರೆದು ಮುಗಿಸಿದ 'ಯಶೋಧರ ಚರಿತೆ'ಯದು. ಕೆಟ್ಟ ಕನಸಿನ ಶಾಂತಿಗೆ ಬಲಿ ಕೊಡೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಜೀವಹಿಂಸೆಗೆ ಒಪ್ಪದ ಯಶೋಧರ, ತಾಯಿಯ ಮಾತನ್ನು ಮೀರಲೂ ಆರದೆ, ಹಿಟ್ಟಿನ ಕೋಳಿಯೊಂದನ್ನು ಮಾಡಿಸಿ ಕಡಿಯುತ್ತಾನೆ. ಆ ಹಿಟ್ಟಿನ ಕೋಳಿ ಕೂಗುತ್ತದೆ. ಕೊಂದದ್ದು ಹಿಟ್ಟನ್ನಾದರೂ ಸಂಕಲ್ಪ ಕೊಲ್ಲುವುದೇ ಆಗಿತ್ತಾದ್ದರಿಂದ, ತಾಯಿಮಕ್ಕಳು ನವಿಲು ನಾಯಿಗಳಿಂದ ಮೊದಲ್ಗೊಂಡು ಜನ್ಮಜನ್ಮಗಳಲ್ಲಿ ತೊಳಲಿ, ಕೊನೆಗೆ ಕೋಳಿಗಳಾಗಿಯೂ ಹುಟ್ಟಿ ಸಾಯುತ್ತಾರೆ. "ಹಿಟ್ಟಿಗೆ ಇಷ್ಟೊಂದು ಶಿಕ್ಷೆಯೇ ಸಾರ್?" ಎಂದು ಪ್ರತಿವರ್ಷವೂ ಒಬ್ಬ ಹುಡುಗನಾದರೂ ಕೇಳುತ್ತಿದ್ದ. ಪಾಪಕ್ಕೆ ಮೂಲ ಸಂಕಲ್ಪವೆಂದು ನಾನು ಗಂಭೀರವಾಗಿ ಉತ್ತರಿಸುತ್ತಿದ್ದೆ.

ಹಾಗಾದರೆ ನನ್ನ ಲೆಕ್ಕವೇನು? ಯಶೋಧರನಲ್ಲಿ ಸಂಕಲ್ಪವಿತ್ತು, ರಕ್ತವಿರಲಿಲ್ಲ. ನನ್ನಲ್ಲಿ ರಕ್ತವುಂಟು, ಸಂಕಲ್ಪವಿಲ್ಲವೆಂದು ನಾನು ಹೇಳಿಕೊಳ್ಳುತ್ತಿದ್ದೇನೆ. ಕೊಲ್ಲೆಂದು ಯಾರಿಗೂ ಹೇಳಲಿಲ್ಲ, ಮಾರಿದೆ, ಅಷ್ಟೆ. ಆದರೆ ಕೊನೆ ಏನೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅದು ನನ್ನ ಕಣ್ಣೆದುರು ಆಗಬಾರದೆಂದು ಏರ್ಪಾಡು ಮಾಡಿದೆ. ಹಿಟ್ಟಿನ ಕೋಳಿಯೆಂದು ತಿಳಿದು ಯಶೋಧರ ತನ್ನನ್ನು ತಾನು ವಂಚಿಸಿಕೊಂಡ. ಜೀವವಿದ್ದ ಕೋಳಿಯನ್ನೇ ಹಿಟ್ಟಿನದೆಂಬಂತೆ ಕೊಟ್ಟು ನಾನು ವಂಚಿಸಿಕೊಂಡೆ.

ಇದಕ್ಕೆ ಎದುರು ವಾದ ಇಲ್ಲದಿಲ್ಲ. ಬೆಂಗಳೂರಿನ ನನ್ನ ಗೆಳೆಯರೊಬ್ಬರು ತರ್ಕಪ್ರಿಯರು. ಅವರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದಾಗ, "ನೀನು ನೋಡಿದರೇನು, ನೋಡದಿದ್ದರೇನು? ಸಾಯುವ ಕೋಳಿಗೆ ಎರಡೂ ಒಂದೇ. ಅಜ್ಜಿ ಪಕ್ಕದಲ್ಲಿ ನಿಂತರೆ ಕತ್ತಿ ಮೃದುವಾಗುತ್ತದೆಯೇ?" ಎಂದರು. ಮಾತು ಚುರುಕಾಗಿತ್ತು. ಆದರೆ ಎರಡೂ ಒಂದೇ ಅಲ್ಲವೆಂದು ನನಗೆ ತೋರುತ್ತದೆ. ಅಜ್ಜಿಯ ಕೋಳಿಗೆ ಬುಟ್ಟಿಯಡಿಯ ಒಂದು ರಾತ್ರಿ, ಒಂದು ಕ್ಷಣದ ನೋವು. ಚುಕ್ಕಿಗೆ ಸುಡುವ ಬಿಸಿಲಿನಲ್ಲಿ ತಲೆಕೆಳಗಾದ ದಾರಿ, ನೀರಿಲ್ಲದ ಹಗಲು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಸಹ ಆಹಾರಕ್ಕಾಗಿ ಕೊಲ್ಲುವುದನ್ನು ತಡೆಯುವುದಿಲ್ಲ. ಅನಾವಶ್ಯಕವಾಗಿ ನೋಯುವಂತೆ ಪ್ರಾಣಿಯನ್ನು ಸಾಗಿಸುವುದನ್ನು ಅಪರಾಧವೆನ್ನುತ್ತದೆ. ನೋಡುತ್ತ ನಿಂತವನು ನೋವನ್ನು ಒಂದಿಷ್ಟಾದರೂ ಕಡಿಮೆ ಮಾಡದೆ ಇರಲಾರ. ನೋಡದ ಕಡೆ ಹಾಗೆ ತಡೆಯುವವರು ಯಾರೂ ಇಲ್ಲ.

ಇದು ಬಾಗೂರಿನ ಹಿತ್ತಲಿಗಷ್ಟೇ ಸೇರಿದ ಮಾತಲ್ಲ. ವರ್ಷಕ್ಕೆ ಮುನ್ನೂರು ಮೊಟ್ಟೆ ಇಡುವ ತಳಿಯ ಕೋಳಿಗಳನ್ನು, ಒಂದಕ್ಕೆ ಒಂದು ಬರೆಯುವ ಹಾಳೆಯಷ್ಟೂ ಜಾಗ ಸಿಗದ ತಂತಿಯ ಪಂಜರಗಳಲ್ಲಿ ಇಡುವುದುಂಟು. ಆ ತಳಿಯಲ್ಲಿ ಹುಟ್ಟುವ ಗಂಡು ಮರಿ ಮೊಟ್ಟೆ ಇಡಲಾರದು, ಮಾಂಸಕ್ಕೂ ಲಾಭವಿಲ್ಲ. ಆದ್ದರಿಂದ ಹುಟ್ಟಿದ ದಿನವೇ ಅದನ್ನು ಕೊಲ್ಲುತ್ತಾರೆ. 2017ರಲ್ಲಿ ಕಾನೂನು ಆಯೋಗ ಈ ಕೋಳಿಗಳ ಪಾಡಿನ ಬಗೆಗೇ ಒಂದು ವರದಿ ಕೊಟ್ಟಿತು. ಮೊಟ್ಟೆ ಕೊಳ್ಳುವ ನಾವಾಗಲಿ, ಮಾರುವ ಅಂಗಡಿಯವನಾಗಲಿ ಕ್ರೂರಿಗಳಲ್ಲ. ನಮ್ಮ ಮನಸ್ಸು ಮೃದು. ಅಷ್ಟು ಮೃದುವಾದ್ದರಿಂದಲೇ ನಮಗೂ ಪಂಜರಕ್ಕೂ ನಡುವೆ ಅಷ್ಟು ದೂರ ಬೇಕಾಗಿದೆ. ಸೈಕಲ್ಲಿನ ವ್ಯಾಪಾರಿ ಒಬ್ಬನಲ್ಲ. ನಾಗರಿಕತೆ ಅಂಥ ನೂರು ಮಂದಿಯನ್ನು ನಮಗಾಗಿ ಗೊತ್ತುಮಾಡಿಟ್ಟಿದೆ. ಕೋಳಿಯ ವಿಷಯದಲ್ಲಿ ಮಾತ್ರವೆಂದೂ ನಾನು ಹೇಳಲಾರೆ.

ಆ ಮೇಲೆ ನಾನು ಮಹಾತ್ಮನೇನೂ ಆಗಿಲ್ಲ. ಹುಂಜಗಳು ಹೆಚ್ಚಾದಾಗ ಇಂದಿಗೂ ನಮ್ಮ ಮನೆಯಲ್ಲಿ ಸಾರಾಗುತ್ತದೆ. ಅಜ್ಜಿಯ ಮಗ ಬಂದು ಕುಯ್ಯುತ್ತಾನೆ. ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ಮೊದಲ ಸಲ ಕಾಲು ನಡುಗಿತು, ಅಂದು ಊಟ ಸೇರಲಿಲ್ಲ. ಈಗ ಸಾರಾಗುವ ದಿನಗಳು ಮೊದಲಿಗಿಂತ ಕಡಿಮೆಯಾಗಿವೆ. ಹಾಗೆಂದು ಯಾರೂ ನಿಯಮ ಮಾಡಲಿಲ್ಲ, ತಾನಾಗಿಯೇ ಕಡಿಮೆಯಾಯಿತು. 'ಸಾಕು' ಎಂಬ ಒಂದೇ ಮಾತು ನಮ್ಮಲ್ಲಿ ಪೋಷಿಸುವುದಕ್ಕೂ ಸಲ್ಲುತ್ತದೆ, ಇಷ್ಟೇ ಇರಲಿ ಎನ್ನುವುದಕ್ಕೂ ಸಲ್ಲುತ್ತದೆ. ವ್ಯಾಕರಣದವರು ಅವೆರಡನ್ನೂ ಬೇರೆ ಬೇರೆ ಪದವೆನ್ನಬಹುದು; ಹಿತ್ತಲಿನಲ್ಲಿ ಮಾತ್ರ ಅವು ಬಹಳ ಹತ್ತಿರವಿವೆ.

ಮೊಟ್ಟೆ ಬಿಟ್ಟ ಮೂರು ಮುದಿ ಹೇಟೆಗಳು ಈಗ ನಮ್ಮಲ್ಲಿವೆ. "ನಿಮಗೆ ಪಿಂಚಣಿ ಬರೋದು ಸಾಲದೂಂತ ಕೋಳಿಗೂ ಪಿಂಚಣಿ ಕೊಡ್ತಾ ಇದೀರಲ್ಲ" ಎಂದು ನನ್ನ ಹೆಂಡತಿ ನಗುತ್ತಾಳೆ. ನಗುತ್ತಲೇ ಅವಕ್ಕೆ ನುಚ್ಚು ಎರಚುತ್ತಾಳೆ. ನುಚ್ಚಿನ ಬೆಲೆಯನ್ನು ನಾನು ಕೇಳುವುದಿಲ್ಲ.

ವ್ಯಾಪಾರಿ ಈಗಲೂ ಬರುತ್ತಾನೆ. "ಕೋಳಿ ಐತಾ ಸಾರ್?" ಎಂದು ಬಾಗಿಲಲ್ಲಿ ಕೂಗುತ್ತಾನೆ. ಬಡವ, ಹೊಟ್ಟೆಪಾಡಿಗೆ ಬಿಸಿಲಿನಲ್ಲಿ ತಿರುಗುವವನು. ಅವನ ಮೇಲೆ ನನಗೆ ಕೋಪವಿಲ್ಲ. ಕುಡಿಯಲು ನೀರು ಕೊಟ್ಟು, ಇಲ್ಲವೆನ್ನುತ್ತೇನೆ. ಅವನು ನೀರು ಕುಡಿದು ಮುಂದಿನ ಮನೆಗೆ ಹೋಗುತ್ತಾನೆ. ಹೋದ ವಾರ, ಅವನು ಹೊರಡುವ ಮುನ್ನ, ಸೈಕಲ್ಲಿನಲ್ಲಿ ತೂಗುತ್ತಿದ್ದ ಕೋಳಿಗಳಿಗೂ ಒಂದಿಷ್ಟು ನೀರು ಹಿಡಿಯಲೇ ಎಂದು ಕೇಳಿದೆ. ಅವನು ನನ್ನ ಮುಖವನ್ನು ಒಂದು ಸಲ ನೋಡಿ, ಸೈಕಲ್ಲನ್ನು ನೆರಳಿಗೆ ತಂದು ನಿಲ್ಲಿಸಿದ.