ಬದಲಾಗಬೇಕಾದವರು ಯಾರು?

ಪೀಣ್ಯದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಟಾರ್ಗೆಟ್ ಮುಗಿಯಲಿಲ್ಲ ಅಂದ್ರೆ ಸೂಪರ್‌ವೈಸರ್ ಎಲ್ಲರೆದುರು ಬೈತಾನೆ. ತಡವಾಗಿ ಮನೆಗೆ ಬಂದರೆ ಅತ್ತೆ ಮುಖ ಊದಿಸಿಕೊಂಡಿರ್ತಾರೆ. ನಿದ್ದೆ ಹತ್ತಲ್ಲ, ಎದೆ ಡವಡವ ಅನ್ನುತ್ತೆ. ಆಪ್ತಸಮಾಲೋಚನೆ ಮಾಡುವ ಸಮಾಜಕಾರ್ಯಕರ್ತೆಯೊಬ್ಬರ ಮುಂದೆ ಬಂದು ಕೂತಿದ್ದಾಳೆ. ಅವರು ಎಲ್ಲಿಂದ ಶುರು ಮಾಡಬೇಕು?

ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ದಾರಿ ಹಿಡಿದರೆ, ಅವಳ ಯೋಚನೆಗಳಿಂದ. ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಅನಿಸುತ್ತಲ್ಲ, ಅದಕ್ಕೆ ಆಧಾರ ಏನು ಅಂತ ಇಬ್ಬರೂ ಸೇರಿ ಹುಡುಕುತ್ತಾರೆ. ಕಾರ್ಲ್ ರೋಜರ್ಸ್ ಅವರ ದಾರಿಯಲ್ಲಿ ಸಲಹೆಗೆ ಜಾಗ ಕಮ್ಮಿ. ತೀರ್ಪು ಕೊಡದೆ ಕೇಳಿಸಿಕೊಂಡರೆ ಮುಂದಿನ ಹೆಜ್ಜೆ ಅವಳಿಗೇ ಹೊಳೆಯುತ್ತೆ ಅನ್ನುವ ನಂಬಿಕೆ. ಕುಟುಂಬ ಚಿಕಿತ್ಸೆಯವರು ಗಂಡ, ಅತ್ತೆ ಇಬ್ಬರನ್ನೂ ಕರೆಸ್ತಾರೆ. ಸ್ಟೀವ್ ಡಿ ಶೇಜರ್, ಇನ್ಸೂ ಕಿಮ್ ಬರ್ಗ್ ದಂಪತಿ ಬೆಳೆಸಿದ ಪದ್ಧತಿಯಲ್ಲಿ ಒಂದು ಪ್ರಸಿದ್ಧ ಪ್ರಶ್ನೆ ಇದೆ: ರಾತ್ರಿ ನೀವು ಮಲಗಿದ್ದಾಗ ಪವಾಡ ನಡೆದು ಸಮಸ್ಯೆ ಮಾಯವಾಗಿದೆ ಅಂತಿಟ್ಕೊಳ್ಳಿ, ಬೆಳಿಗ್ಗೆ ಅದು ನಿಮಗೆ ಹೇಗೆ ಗೊತ್ತಾಗುತ್ತೆ? (ನಿದ್ದೆಯೇ ಬರದವಳಿಗೆ ಈ ಪ್ರಶ್ನೆ ಕೇಳೋದು ಸ್ವಲ್ಪ ಕಷ್ಟ, ಬಿಡಿ.)

ಒಂದೊಂದರಿಂದಲೂ ಉಪಯೋಗ ಆದವರಿದ್ದಾರೆ. ಆದರೆ ಇವು ಬರೀ ಟೆಕ್ನಿಕ್‌ಗಳು ಅಂತ ನನಗನಿಸಲ್ಲ. ಯಾವ ಪದ್ಧತಿ ಆರಿಸಿಕೊಂಡರೂ ಬದಲಾಗಬೇಕಾದವರು ಯಾರು ಅನ್ನೋದು ಅಲ್ಲೇ ಅರ್ಧ ತೀರ್ಮಾನ ಆಗಿರುತ್ತೆ. ಒಂದರಲ್ಲಿ ಅವಳು, ಇನ್ನೊಂದರಲ್ಲಿ ಅವಳ ಮನೆಯವರು. ಸೂಪರ್‌ವೈಸರ್ ಮಾತ್ರ ಯಾವ ಕೋಣೆಗೂ ಬರೋದಿಲ್ಲ.

ಸಮಾಜಕಾರ್ಯಕ್ಕೆ ಇದು ಹುಟ್ಟಿನಿಂದ ಬಂದ ಜಗಳ. ಮೇರಿ ರಿಚ್ಮಂಡ್ 1917ರ ‘ಸೋಷಿಯಲ್ ಡಯಾಗ್ನೋಸಿಸ್’ ಪುಸ್ತಕದಲ್ಲಿ ಒಬ್ಬೊಬ್ಬರ ಪರಿಸ್ಥಿತಿಯನ್ನೂ ಬಿಡಿಯಾಗಿ ಅರಿಯುವ ಕ್ರಮ ಹಾಕಿಕೊಟ್ಟರು. ಜೇನ್ ಆಡಮ್ಸ್ ಅದಕ್ಕೂ ಮೊದಲೇ, 1889ರಲ್ಲಿ, ಗೆಳತಿಯ ಜೊತೆ ಷಿಕಾಗೋದ ವಲಸಿಗರ ಕೇರಿಯಲ್ಲಿ ಹಲ್ ಹೌಸ್ ತೆರೆದು ಅಲ್ಲೇ ನೆಲೆಸಿದ್ದರು. ಅದೇ ಮನೆಯಲ್ಲಿದ್ದ ಫ್ಲಾರೆನ್ಸ್ ಕೆಲ್ಲಿ ಹೊಲಿಗೆ ಕೆಲಸದವರ ಸ್ಥಿತಿ ನೋಡಿ ಸುಮ್ಮನೆ ಕೂರಲಿಲ್ಲ. 1893ರಲ್ಲಿ ಇಲಿನಾಯ್ ರಾಜ್ಯ ಹೆಂಗಸರ ದುಡಿಮೆಗೆ ದಿನಕ್ಕೆ 8 ಗಂಟೆಯ ಮಿತಿ ಹಾಕಿತು. ಎರಡು ವರ್ಷಕ್ಕೇ ಕೋರ್ಟು ಆ ಮಿತಿಯನ್ನು ಹೊಡೆದುಹಾಕಿತು, ಅದು ಬೇರೆ ಮಾತು.

ಹಾಗಂತ ಕಾನೂನು ಬರೋವರೆಗೂ ಪೀಣ್ಯದವಳು ಎದ್ದೇ ಕೂತಿರಬೇಕಾ? ಇವತ್ತು ರಾತ್ರಿ ಅವಳಿಗೆ ನಿದ್ದೆ ಬೇಕು. ಬೆಕ್ ಅವರ ದಾರಿಯಿಂದ ಅದು ಸಿಗೋದಾದರೆ ಬೇಡ ಅನ್ನೋಕೆ ನಾವ್ಯಾರು? ನನ್ನ ತಕರಾರು ಅಲ್ಲಲ್ಲ. ನಿದ್ದೆ ಬಂದ ಮೇಲೆ ಫೈಲ್ ಮುಚ್ಚಿಬಿಡ್ತಾರಲ್ಲ, ಅಲ್ಲಿ. ಬೈಗುಳಕ್ಕೆ ಒಗ್ಗಿಕೊಂಡವಳನ್ನು ‘ಗುಣವಾದವಳು’ ಅಂತ ಬರೆದುಕೊಳ್ಳೋದು ನನ್ನ ಪ್ರಕಾರ ಅನ್ಯಾಯ.

ಇದು ಫ್ಯಾಕ್ಟರಿ ಕಥೆ, ನಮಗೇನು ಅಂತೀರಾ? ಎಷ್ಟೋ ಆಫೀಸುಗಳು ಈಗ ಕೌನ್ಸೆಲಿಂಗ್ ಫ್ರೀಯಾಗಿ ಕೊಡುತ್ತವೆ. ರಾತ್ರಿ 11ಕ್ಕೆ ಮ್ಯಾನೇಜರ್ ಮೇಲ್ ಬಂದಾಗ ಉಸಿರಾಟ ಹೇಗಿರಬೇಕು ಅಂತ ಅಲ್ಲಿ ಚೆನ್ನಾಗಿ ಹೇಳಿಕೊಡಬಹುದು. ಆ ಮೇಲ್ ಯಾಕೆ ಬರುತ್ತೆ ಅಂತ ಮ್ಯಾನೇಜರ್‌ನ ಕೇಳೋಕೆ, ಕಂಪನಿಯೇ ಫೀಸು ಕೊಡುವ ಕೌನ್ಸೆಲರ್‌ಗೆ ಆಗುತ್ತಾ?