ಸಂಕಟ ಬಂದಾಗ ವೆಂಕಟರಮಣ

ಕಷ್ಟ ಬಂದಾಗ ಮಾತ್ರ ದೇವರನ್ನು ನೆನೆಯುವವರನ್ನು ಕಂಡು ನಮ್ಮ ಹಿರಿಯರು ಈ ಗಾದೆ ಕಟ್ಟಿದರು. ಸೂರ್ಯದೇವನ ವಿಷಯದಲ್ಲಂತೂ ಇದು ಅಕ್ಷರಶಃ ನಿಜ. ನಂಜನಗೂಡಿನ ಕಪಿಲಾ ನದಿಯ ಸ್ನಾನಘಟ್ಟದಲ್ಲಿ ಅವನಿಗೆ ದಿನವೂ ಅರ್ಘ್ಯ ಕೊಡುವವರಿದ್ದಾರೆ. ಆದರೆ ಲೋಕದ ದೊಡ್ಡ ದೇಶಗಳು ಅವನನ್ನು ನೆನೆಯುವುದು ಎಣ್ಣೆ ತುಟ್ಟಿಯಾದಾಗ.

1973ರ ಅರಬ್-ಇಸ್ರೇಲ್ ಯುದ್ಧದ ಬೆನ್ನಿಗೆ ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. 1979ರಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಶ್ವೇತಭವನದ ಚಾವಣಿಯ ಮೇಲೆ ನೀರು ಕಾಯಿಸುವ ಸೌರಫಲಕಗಳನ್ನು ಹಾಕಿಸಿದರು. 1986ರಲ್ಲಿ ಎಣ್ಣೆಯ ಬೆಲೆ ಕುಸಿಯಿತು. ಅದೇ ವರ್ಷ, ರೇಗನ್ ಅವರ ಕಾಲದಲ್ಲಿ, ಚಾವಣಿ ದುರಸ್ತಿಗೆಂದು ಇಳಿಸಿದ ಆ ಫಲಕಗಳು ಮತ್ತೆ ಮೇಲೇರಲಿಲ್ಲ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಜರ್ಮನಿ ಸೌರ ಮತ್ತು ಪವನ ವಿದ್ಯುತ್ತನ್ನು ಬೇಗ ಹೆಚ್ಚಿಸಲು ಕಾನೂನು ಮಾಡಿತು. ಅದರ ಜೊತೆಗೇ ಬದಿಗಿಟ್ಟಿದ್ದ ಕಲ್ಲಿದ್ದಲ ಸ್ಥಾವರಗಳನ್ನೂ ಮತ್ತೆ ಹೊತ್ತಿಸಿತು. ಹೆದರಿದವನಿಗೆ ಹೊಸ ಒಲೆಯೂ ಬೇಕು, ಹಳೆಯ ಒಲೆಯೂ ಬೇಕು.

ಹಾಗಾದರೆ ಹೆದರಿಕೆಯಿಂದ ಮಾಡಿದ ಒಳ್ಳೆಯ ಕೆಲಸ ಒಳ್ಳೆಯದಲ್ಲವೇ? ಒಳ್ಳೆಯದೇ. ಪರೀಕ್ಷೆಯ ಭಯಕ್ಕೆ ಓದಿದ ಮಗುವಿಗೂ ಪಾಠ ಬರುತ್ತದೆ. ಆದರೆ ಪರೀಕ್ಷೆ ಮುಗಿದ ಮರುದಿನ ಅದರ ಪುಸ್ತಕ ಅಟ್ಟ ಸೇರುವುದನ್ನು ನನ್ನಂಥ ಉಪಾಧ್ಯಾಯಿನಿಯರು ವರ್ಷ ವರ್ಷವೂ ಕಾಣುತ್ತೇವೆ. ನನ್ನನ್ನು ಕಾಡುವ ಪ್ರಶ್ನೆ ಇನ್ನೂ ಹಿಂದಿನದು. ಯಾರ ಕಷ್ಟವನ್ನು ನಾವು ಬಿಕ್ಕಟ್ಟು ಎಂದು ಕರೆಯುತ್ತೇವೆ?

ಟಿ. ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿ ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ಅಲ್ಲಿ 1902ರಲ್ಲಿ ತಯಾರಾದ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿಗೆ 1905ರಲ್ಲಿ, ಮೈಸೂರಿಗೆ 1908ರಲ್ಲಿ ದೀಪ ಬಂತು. ಹೊಳೆಯ ದಂಡೆಯ ಹಳ್ಳಿಗಳು ಮಾತ್ರ ಇನ್ನೂ ದಶಕಗಟ್ಟಲೆ ಬುಡ್ಡಿದೀಪದಲ್ಲೇ ಕಾದವು. ಚಿನ್ನಕ್ಕೆ ಅವಸರವಿತ್ತು, ಹಳ್ಳಿಗೆ ಇರಲಿಲ್ಲ ಎಂದು ಯಾರೋ ತೀರ್ಮಾನಿಸಿದ್ದರು.

ನಮ್ಮ ಅವ್ವನದೂ ಅಂಥದೇ ಕಥೆ. ಟಿ. ನರಸೀಪುರದ ನನ್ನ ತೌರಿನಲ್ಲಿ ಅವಳು ಹಸಿ ಸೌದೆ, ಬೆರಣಿ, ತೆಂಗಿನ ಗರಿ ಒಟ್ಟಿ ಊದುಗೊಳವೆ ಹಿಡಿದು ಕೂರುತ್ತಿದ್ದಳು. ಕಾರುಗಳು ಪೆಟ್ರೋಲಿಗೆ ಸಾಲು ನಿಂತ ದಿನ ಲೋಕಕ್ಕೆ ಬಿಕ್ಕಟ್ಟು. ಅವ್ವನ ಕಣ್ಣಿಗೆ ಅದು ದಿನಕ್ಕೆ ಎರಡು ಸಲ. ಅದನ್ನು ಬಿಕ್ಕಟ್ಟೆಂದೇ ಕಂಡವರೂ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದರು. ಕಡಿಮೆ ಸೌದೆಯ ಒಲೆ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಗೆ ಸಗಣಿ ಅನಿಲದಿಂದ ನೀರು ಮತ್ತು ದೀಪ — ಇವು ಅಲ್ಲಿನವರು ಮಾಡಿದ ಕೆಲಸಗಳು.

ಎಂಬತ್ತರ ದಶಕದಲ್ಲಿ ನಮ್ಮ ಮನೆಗೂ ಒಂದು ಹೊಗೆಯಿಲ್ಲದ ಒಲೆ ಬಂತು. ಎರಡು ವರ್ಷ ಅವ್ವನ ಕಣ್ಣು ತಣ್ಣಗಿತ್ತು. ಆಮೇಲೆ ಹೊಗೆಕೊಳವೆ ಒಡೆಯಿತು. ಹಾಕಿ ಹೋದವರು ತಿರುಗಿ ನೋಡಲಿಲ್ಲ. ಅವ್ವ ಮೂರು ಕಲ್ಲಿನ ಒಲೆಗೇ ಮರಳಿದಳು. ಶ್ವೇತಭವನದ ಚಾವಣಿಗೂ ನಮ್ಮ ಅಡುಗೆಮನೆಗೂ ಒಂದೇ ಗತಿಯಾಯಿತು. ಆದರೆ ಅವರಿಗೆ ಬಿಸಿನೀರು ತಪ್ಪಲಿಲ್ಲ, ಅವ್ವನಿಗೆ ಹೊಗೆ ತಪ್ಪಲಿಲ್ಲ.

ಇಂದು ಬೇಗ ಬದಲಾಗಬೇಕೆನ್ನುವುದರಲ್ಲಿ ನನಗೆ ಸಂಶಯವಿಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕು ಎದ್ದಿದೆ. ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದರಿಂದ ಒಡೆಯರಿಗೆ ವರ್ಷ ವರ್ಷ ಹಣ ಬರುತ್ತದೆ. ಇದು ಮೆಚ್ಚತಕ್ಕದ್ದೇ. ಆದರೆ ಅದೇ ಹೊಲದಲ್ಲಿ ಕಳೆ ಕಿತ್ತು ಬದುಕುತ್ತಿದ್ದ, ತುಂಡು ನೆಲವೂ ಇಲ್ಲದ ಹೆಂಗಸಿಗೆ ಯಾವ ಗುತ್ತಿಗೆಯ ಹಣವೂ ಇಲ್ಲ. ಅವಳ ಸಂಕಟ ಯಾವ ಪತ್ರಿಕೆಯ ಮುಖಪುಟಕ್ಕೂ ಬಿಕ್ಕಟ್ಟಲ್ಲ.

ಹೊಸ ಯೋಜನೆ ಬಂದಾಗಲೆಲ್ಲ ನಾವು ಎರಡು ಮಾತು ಕೇಳಬೇಕು. ಇದರಿಂದ ಕೂಲಿ ಕಳೆದುಕೊಂಡವರಿಗೆ ಏನು ದಾರಿ? ಮೂರನೆಯ ವರ್ಷ ಇದು ಕೆಟ್ಟರೆ ಸರಿಮಾಡಲು ಯಾರು ಬರುತ್ತಾರೆ? ಎಣ್ಣೆ ಮತ್ತೆ ಅಗ್ಗವಾದ ದಿನವೂ ಈ ಪ್ರಶ್ನೆಗಳನ್ನು ಬಿಡದೆ ಕೇಳುವವರಿದ್ದರೆ ಮಾತ್ರ ಬದಲಾವಣೆ ಉಳಿದೀತು.