ಕುರ್ಚಿಯಲ್ಲಿ ನಮ್ಮವರಿದ್ದರೆ ಸಾಕೇ?

ಹೊಸ ಸರಕಾರ ಪ್ರಮಾಣ ವಚನ ಸ್ವೀಕರಿಸಿದ ಮರುದಿನ ಪತ್ರಿಕೆ ಬಿಡಿಸಿದಾಗ ನಾವು ಮೊದಲು ಹುಡುಕುವುದೇನನ್ನು? ಸರಕಾರ ಏನು ಮಾಡಲು ಹೊರಟಿದೆ ಎಂಬುದನ್ನಲ್ಲ, ಸಚಿವರ ಪಟ್ಟಿಯಲ್ಲಿ ನಮ್ಮವರು ಎಷ್ಟು ಮಂದಿ ಇದ್ದಾರೆ ಎಂಬುದನ್ನು. ಇದು ಮುಸ್ಲಿಮರಿಗೆ ಮಾತ್ರ ಇರುವ ಚಾಳಿಯಲ್ಲ. ಲಿಂಗಾಯತರು, ಒಕ್ಕಲಿಗರು, ದಲಿತರು, ಕ್ರೈಸ್ತರು ಎಲ್ಲರೂ ಅದೇ ಪಟ್ಟಿಯ ಮೇಲೆ ಬೆರಳಿಟ್ಟು ಎಣಿಸುತ್ತಾರೆ. ಎಣಿಸುವುದು ತಪ್ಪೆಂದು ನಾವು ಹೇಳುವುದಿಲ್ಲ. 2024ರ ಜೂನ್‌ನಲ್ಲಿ ಪ್ರಮಾಣ ವಚನ ಸ್ವೀಕರಿಸಿದ ಕೇಂದ್ರ ಮಂತ್ರಿಮಂಡಲದಲ್ಲಿ ಒಬ್ಬರೇ ಒಬ್ಬ ಮುಸ್ಲಿಮ್ ಸಚಿವರಿರಲಿಲ್ಲ. ಅದನ್ನು ಕಂಡು ನೋವಾಗದಿರುವುದು ಹೇಗೆ? ಆದರೆ ಎಣಿಕೆ ಮುಗಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕುರ್ಚಿಯಲ್ಲಿ ನಮ್ಮವರು ಕುಳಿತರೆ ನ್ಯಾಯವೂ ಬಂದು ಕುಳಿತಿತೆಂದು ಅರ್ಥವೇ?

ನಮ್ಮ ಸಂವಿಧಾನ ಅಧಿಕಾರವನ್ನು ಒಂದೇ ಕೈಗೆ ಒಪ್ಪಿಸಿಲ್ಲ. ಕಾರ್ಯಾಂಗದ ಅಧಿಕಾರ ರಾಷ್ಟ್ರಪತಿಯ ಹೆಸರಿನಲ್ಲಿದೆ. ಅದನ್ನು ನಡೆಸುವವರು ಪ್ರಧಾನಿ ಮತ್ತು ಅವರ ಸಂಪುಟ. ಶಾಸಕಾಂಗದಲ್ಲಿ ಲೋಕಸಭೆಗೆ ಸ್ಪೀಕರ್, ರಾಜ್ಯಸಭೆಗೆ ಉಪರಾಷ್ಟ್ರಪತಿ ಅಧ್ಯಕ್ಷರು. ನ್ಯಾಯಾಂಗದ ಶಿಖರದಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿ. ಸಂಪುಟವು ಲೋಕಸಭೆಗೆ ಉತ್ತರ ಹೇಳಬೇಕು. ಸಂಸತ್ತು ಮಾಡಿದ ಕಾನೂನನ್ನು ನ್ಯಾಯಾಲಯವು ಸಂವಿಧಾನದ ಒರೆಗೆ ಹಚ್ಚಬಹುದು. ನ್ಯಾಯಾಧೀಶರು ದಾರಿ ತಪ್ಪಿದರೆ ಅವರನ್ನು ತೆಗೆದುಹಾಕುವ ಕ್ರಮ ಸಂಸತ್ತಿನ ಕೈಯಲ್ಲಿದೆ. ಮನುಷ್ಯ ಎಷ್ಟೇ ಒಳ್ಳೆಯವನಾದರೂ ಪ್ರಶ್ನಿಸುವವರಿಲ್ಲದಿದ್ದರೆ ಕೆಡಬಲ್ಲ ಎಂಬ ತಿಳುವಳಿಕೆ ಈ ಏರ್ಪಾಡಿನ ಹಿಂದಿದೆ.

ಈ ಕುರ್ಚಿಗಳಲ್ಲಿ ಮುಸ್ಲಿಮರು ಕುಳಿತದ್ದುಂಟು. ಪ್ರಧಾನಿ ಪಟ್ಟವೊಂದು ಇದುವರೆಗೆ ದಕ್ಕಿಲ್ಲ. 1967ರಲ್ಲಿ ಡಾ. ಝಾಕಿರ್ ಹುಸೇನ್, 1974ರಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್, 2002ರಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಮ್ ರಾಷ್ಟ್ರಪತಿಗಳಾದರು. ಮುಹಮ್ಮದ್ ಹಿದಾಯತುಲ್ಲಾ ಅವರದ್ದಂತೂ ಅಪರೂಪದ ಬದುಕು. 1968ರಲ್ಲಿ ಅವರು ಮುಖ್ಯ ನ್ಯಾಯಮೂರ್ತಿಯಾದರು. 1969ರಲ್ಲಿ ಕೆಲವು ವಾರ ಹಂಗಾಮಿ ರಾಷ್ಟ್ರಪತಿಯಾದರು. 1979ರಲ್ಲಿ ಉಪರಾಷ್ಟ್ರಪತಿಯಾಗಿ ರಾಜ್ಯಸಭೆಯ ಅಧ್ಯಕ್ಷತೆ ವಹಿಸಿದರು. ಮೂರೂ ಅಂಗಗಳ ಮೇಲ್ಪೀಠವನ್ನು ಕಂಡ ವ್ಯಕ್ತಿ ಅವರು. ಈ ಹೆಸರುಗಳನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅದೇ ಇತಿಹಾಸದ ಇನ್ನೊಂದು ಪುಟವನ್ನು ತೆರೆಯಲು ಹಿಂಜರಿಯುತ್ತೇವೆ.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಅವರು ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದರು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದರು. ಆಗ ಸಂಪುಟ ಸಭೆ ಸೇರಿರಲಿಲ್ಲ. ಅದು ಸೇರಿ ಒಪ್ಪಿಗೆ ಕೊಟ್ಟದ್ದು ಮರುದಿನ ಬೆಳಗ್ಗೆ. ಸಂಪುಟದ ನಿರ್ಧಾರ ಎಲ್ಲಿ ಎಂದು ರಾಷ್ಟ್ರಪತಿಗಳು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಜಮಾಅತೆ ಇಸ್ಲಾಮಿಯೂ ಆರೆಸ್ಸೆಸ್ಸೂ ಒಟ್ಟಿಗೇ ನಿಷೇಧಕ್ಕೊಳಗಾದವು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಡ್ವಾಣಿ, ಮಧು ದಂಡವತೆ ಮೊದಲಾದವರು ಇಲ್ಲೇ ಬಂಧಿತರಾಗಿ ಬೆಂಗಳೂರಿನ ಸೆರೆಮನೆ ಸೇರಿದರು.

ಬಂಧಿತರ ಅರ್ಜಿಗಳು ಸುಪ್ರೀಮ್ ಕೋರ್ಟಿಗೆ ಹೋದವು. ವಿಚಾರಣೆಯಿಲ್ಲದೆ ಸೆರೆಗೆ ತಳ್ಳಲ್ಪಟ್ಟವನಿಗೆ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕಿದೆಯೇ ಎಂಬುದು ಪ್ರಶ್ನೆ. 1976ರ ಎಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಇಲ್ಲ ಎಂದರು. ಆ ನಾಲ್ವರಲ್ಲಿ ಮಿರ್ಝಾ ಹಮೀದುಲ್ಲಾ ಬೇಗ್ ಒಬ್ಬರು. ಬಂಧಿತರ ಬಗ್ಗೆ ಸರಕಾರ ತೋರುತ್ತಿರುವ ಕಾಳಜಿ ಹೆಚ್ಚುಕಡಿಮೆ ತಾಯಿಯ ಕಾಳಜಿಯಂಥದ್ದು ಎಂದು ಅವರು ಬರೆದರು. ಹಕ್ಕಿದೆ ಎಂದು ಭಿನ್ನ ತೀರ್ಪು ಬರೆದವರು ಒಬ್ಬರೇ, ಎಚ್.ಆರ್. ಖನ್ನಾ. ಸೇವಾ ಹಿರಿತನದ ಪ್ರಕಾರ ಮುಂದಿನ ಮುಖ್ಯ ನ್ಯಾಯಮೂರ್ತಿ ಅವರೇ ಆಗಬೇಕಿತ್ತು. 1977ರ ಜನವರಿಯಲ್ಲಿ ಸರಕಾರ ಅವರನ್ನು ದಾಟಿ ಬೇಗ್ ಅವರನ್ನು ಆ ಪೀಠದಲ್ಲಿ ಕೂರಿಸಿತು. ಖನ್ನಾ ರಾಜೀನಾಮೆ ಕೊಟ್ಟು ಹೊರನಡೆದರು.

ಆ ದಿನ ನಮ್ಮವರ ಸಂಖ್ಯೆಗೆ ಒಂದು ಸೇರಿತು. ಸಂಭ್ರಮಿಸಬೇಕಿತ್ತೇ? ಸೆರೆಮನೆಯಲ್ಲಿದ್ದ ಮುಸ್ಲಿಮನ ಪರವಾಗಿ ನಿಂತದ್ದು ಯಾರ ತೀರ್ಪು? ಬೇಗ್ ಅವರನ್ನು ಮಾತ್ರ ಬೊಟ್ಟು ಮಾಡುವುದು ನಮ್ಮ ಉದ್ದೇಶವಲ್ಲ. ಅವರೊಂದಿಗೆ ನಿಂತ ಎ.ಎನ್. ರೇ, ವೈ.ವಿ. ಚಂದ್ರಚೂಡ್, ಪಿ.ಎನ್. ಭಗವತಿ ಮುಸ್ಲಿಮರಲ್ಲ. ತಪ್ಪಿಗೆ ಧರ್ಮವಿರಲಿಲ್ಲ, ಧೈರ್ಯಕ್ಕೂ ಇರಲಿಲ್ಲ. ಅದಕ್ಕೂ ಮೊದಲು, 1973ರಲ್ಲಿ, ಹೀಗೆಯೇ ಹಿರಿತನ ಕಳೆದುಕೊಂಡು ರಾಜೀನಾಮೆ ಕೊಟ್ಟ ಮೂವರಲ್ಲಿ ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ ಒಬ್ಬರು. ಮುಂದೆ ಅವರು ಲೋಕಸಭೆಯ ಸ್ಪೀಕರ್ ಆದರು. ಕುರ್ಚಿ ಬಿಟ್ಟವರನ್ನೂ ಜನ ನೆನಪಿಟ್ಟುಕೊಳ್ಳುತ್ತಾರೆ.

ಪ್ರಜಾಪ್ರಭುತ್ವ ತನ್ನ ತಪ್ಪನ್ನು ತಿದ್ದಿಕೊಂಡದ್ದೂ ನಿಜ, ತಡವಾಗಿಯಾದರೂ. ಸಂಪುಟದ ಲಿಖಿತ ನಿರ್ಧಾರವಿಲ್ಲದೆ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ, ಅದು ಜಾರಿಯಲ್ಲಿದ್ದರೂ ಜೀವದ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ ಎಂದು 1978ರ 44ನೇ ತಿದ್ದುಪಡಿ ವಿಧಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಮೊಕದ್ದಮೆಯಲ್ಲಿ, 2017ರಲ್ಲಿ, ಸುಪ್ರೀಮ್ ಕೋರ್ಟು ಆ ಹಳೆಯ ತೀರ್ಪನ್ನು ತಳ್ಳಿಹಾಕಿತು. ಹಾಗೆ ಬರೆದ ಡಿ.ವೈ. ಚಂದ್ರಚೂಡ್, 1976ರಲ್ಲಿ ಆ ತೀರ್ಪಿಗೆ ಸಹಿ ಹಾಕಿದ್ದ ವೈ.ವಿ. ಚಂದ್ರಚೂಡ್ ಅವರ ಮಗ. ಸ್ವಂತ ತಂದೆಯ ತೀರ್ಪನ್ನೇ ತಪ್ಪೆನ್ನಬೇಕಾಗಿ ಬಂದಾಗ ಮಗ ಅಳುಕಲಿಲ್ಲ.

ಕುರ್‌ಆನ್ ಸತ್ಯವಿಶ್ವಾಸಿಗಳಿಂದ ಬಯಸುವುದೂ ಇದನ್ನೇ ಅಲ್ಲವೇ? ನ್ಯಾಯದ ಪರ ಗಟ್ಟಿಯಾಗಿ ನಿಲ್ಲಿರಿ, ಅದು ನಿಮಗೇ, ನಿಮ್ಮ ಹೆತ್ತವರಿಗೇ, ಬಂಧುಗಳಿಗೇ ವಿರುದ್ಧವಾದರೂ ಸರಿ ಎಂಬುದು ಅನ್ನಿಸಾ ಅಧ್ಯಾಯದ ಆದೇಶ. ಅಧಿಕಾರವನ್ನು ಇಸ್ಲಾಮ್ ಅಮಾನತ್ ಎನ್ನುತ್ತದೆ, ಅಂದರೆ ನಂಬಿ ಒಪ್ಪಿಸಿದ ಸೊತ್ತು. ಕುಳಿತವನ ಸ್ವಂತದ್ದಲ್ಲ, ಅವನ ಸಮುದಾಯದ್ದೂ ಅಲ್ಲ. ಪ್ರಥಮ ಖಲೀಫಾ ಅಬೂಬಕರ್(ರ) ಅಧಿಕಾರ ವಹಿಸಿದಾಗ, ಸರಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂದು ಜನರನ್ನು ಕೇಳಿಕೊಂಡರು. ತಿದ್ದುವ ಹೊಣೆಯನ್ನು ಅವರು ಹೊರಿಸಿದ್ದು ಜನಸಾಮಾನ್ಯರ ಮೇಲೆ.

ಹಾಗಾದರೆ ಪ್ರಾತಿನಿಧ್ಯ ಬೇಡವೇ? ಖಂಡಿತ ಬೇಕು. ಕೋಟಿಗಟ್ಟಲೆ ಜನರಿರುವ ಸಮುದಾಯಕ್ಕೆ ಆಡಳಿತದಲ್ಲಿ ಪಾಲಿಲ್ಲವೆಂದರೆ ಅದೇ ಒಂದು ಅನ್ಯಾಯ. ಆ ಪಾಲನ್ನು ಭಿಕ್ಷೆಯಾಗಿ ಅಲ್ಲ, ಹಕ್ಕಾಗಿ ಕೇಳೋಣ. ಆದರೆ ಕುರ್ಚಿಯಲ್ಲಿ ಯಾರೇ ಕುಳಿತರೂ ಬೇರೆಯವರನ್ನು ಅಳೆಯುವ ಕೋಲಿನಿಂದಲೇ ಅವರನ್ನೂ ಅಳೆಯೋಣ. ನಮ್ಮವನು ಎಂಬ ಕಾರಣಕ್ಕೆ ಅವನ ತಪ್ಪನ್ನು ಮುಚ್ಚಿದರೆ, ನಾಳೆ ಬೇರೆಯವರ ತಪ್ಪನ್ನು ಎತ್ತಿ ತೋರಿಸುವ ನೈತಿಕ ಬಲ ನಮಗಿರುವುದಿಲ್ಲ. ಮುಂದಿನ ಸಲ ಪಟ್ಟಿ ಪ್ರಕಟವಾದಾಗ ಹೆಸರುಗಳನ್ನು ಎಣಿಸೋಣ. ಎಣಿಸಿ ಮುಗಿದ ಮೇಲೆ, ಸಹಿ ಹಾಕುವ ಮುನ್ನ ಪ್ರಶ್ನೆ ಕೇಳಬಲ್ಲವರು ಇವರಲ್ಲಿ ಯಾರು ಎಂದೂ ನೋಡೋಣ.